ತುಂಬಿದ ಗಾಡಿಯ ಸದ್ದು

ಮುಚ್ಚಳ ಏಳುತ್ತಿದೆ, ಆ ಕೊನೆಯ ಕ್ಯಾನಿನದು, ನೆರಳಿನಲ್ಲಿಟ್ಟರೂ ಈ ಹಿಟ್ಟಿಗೆ ತಾಳ್ಮೆ ಇಲ್ಲ, ಉಬ್ಬಿ ಉಬ್ಬಿ ಮುಚ್ಚಳವನ್ನು ನೂಕುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಹೊರಗೇ ಇಳಿಯುತ್ತದೆ, ಇಳಿದರೆ ಇಳಿಯಲಿ, ಎಂದುಕೊಂಡಳು ಅಕ್ಕು, ಗ್ಯಾರೇಜಿನ ತಗಡಿನ ಮಾಡಿನ ಕೆಳಗೆ ಹಳೆಯ ಟೈರಿನ ಮೇಲೆ ಕೂತವಳು, ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಇದೆಲ್ಲ ಪುಣೆಯ ಶಿವಾಜಿನಗರದ ಹೋಟೆಲುಗಳಲ್ಲಿ ದೋಸೆಯಾಗಿ ಯಾರ್ಯಾರದೋ ಹೊಟ್ಟೆ ಸೇರಿರುತ್ತಿತ್ತು, ಇವತ್ತು ಮಾರ್ಕೆಟ್ ಯಾರ್ಡಿನ ಹತ್ತಿರದ ರಸ್ತೆಯ ಹಂಪಿನಲ್ಲಿ ವ್ಯಾನು ಒಮ್ಮೆಗೇ ಕುಂಟಿ ಕೂತುಬಿಟ್ಟಿತು – ದೊಡ್ಡಮ್ಮಾ, ಹಿಂದಿನ ಚಕ್ರ ಒಳಗೆ ಮಡಚಿಕೊಂಡಿದೆ, ಬೇಗ ಬನ್ನಿ, ಎಂದು ಫೋನಿನಲ್ಲಿ ಕಿರುಚಿದ್ದು ರಿತೇಶ, ತಂಗಿಯ ಮಗ, ಗಾಡಿ ಈಗ ಓಡಿಸುವುದು ಅವನೇ, ಕಿವಿಯಲ್ಲಿ ಯಾವಾಗಲೂ ಹಾಡು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ – ಚಕ್ರ ಬಿಚ್ಚಿ ಆಚೆ ಇಟ್ಟಿದ್ದಾರೆ, ಅದು ಇದ್ದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ, ಅದರ ಕೆಳಗಿಂದ ಮೆಕ್ಯಾನಿಕ್ ಮಲಕಪ್ಪನ ಎರಡು ಕಾಲು ಮಾತ್ರ ಕಾಣುತ್ತಿವೆ, ವಿಜಯಪುರದ ಕಡೆಯವನು, ಕನ್ನಡದವರ ಗಾಡಿ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾನೆ, ಆ ಕಾಲುಗಳು ಜರುಗಿದವು, ಕಪ್ಪು ಕೈಯೊಂದು ಹೊರಗೆ ಬಂದು ಅವಳ ಮುಂದೆ ಒಂದು ಕಬ್ಬಿಣದ ತುಂಡನ್ನು ಇಟ್ಟಿತು, ಕಂಟ್ರೋಲ್ ಆರ್ಮ್ ಅಂತೆ, ಹಿಂದಿನ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ತೋಳು, ನಡುವೆ ಸೀಳಿ ಎರಡಾಗಿದೆ. ಅಕ್ಕಾರ, ಇಲ್ಲಿ ನೋಡ್ರಿ, ಇದು ಇವತ್ತು ಮುರದದ್ದಲ್ಲ, ಸೀಳಿನ ಒಳಗೆಲ್ಲಾ ತುಕ್ಕು ಹಿಡದದ, ಈ ಅಂಚಿನಾಗ ಎಳಿಯಷ್ಟು ಹೊಳೀತದಲ್ಲ, ಅಷ್ಟೇ ಇವತ್ತಿಂದು, ಭಾಳ ದಿನದಿಂದ ಸಪ್ಪಳ ಮಾಡ್ತಿರಬೇಕಲ್ರಿ ಇದು, ಮನ್ಯಾಗ ಯಾರಿಗೂ ಕೇಳಿಸಲಿಲ್ಲೇನು? ಎಂದ. ಅವಳು ತುಕ್ಕಿನ ಮೇಲೆ ಬೆರಳಾಡಿಸಿದಳು, ಬೆರಳು ಕೆಂಪಾಯಿತು.

ಕೇಳಿಸಿತ್ತು, ಒಬ್ಬರಿಗೆ ಕೇಳಿಸಿತ್ತು, ಅವಳ ಗಂಡ ದೇವದಾಸರಿಗೆ – ಎಡಗಡೆ ಹಿಂದೆ ಒಂದು ಶಬ್ದ ಬರ್ತಾ ಉಂಟು ಅಕ್ಕೂ, ಟಕ್, ಆಮೇಲೆ ಟಕ್ ಟಕ್, ಎಂದು ಊಟದ ತಟ್ಟೆಯ ಅಂಚಿಗೆ ಬೆರಳಿನಿಂದ ಬಾರಿಸಿ ತೋರಿಸಿ, ಹುಬ್ಬೆತ್ತಿ ಅವಳ ಮುಖ ನೋಡಿದ್ದರು, ಅವಳು ನಕ್ಕಿದ್ದಳು, ಎಷ್ಟು ಚೆನ್ನಾಗಿ ನಕ್ಕಿದ್ದಳು, ಆಯುಷ್ಯವೆಲ್ಲ ಆ ಡೀಸೆಲ್ ಟೆಂಪೋದಲ್ಲಿ ಕೂತು ನಿಮ್ಮ ಕಿವಿ ಕಲ್ಲಾಗಿದೆ ಮಾರಾಯ್ರೇ, ಈಗ ಕರೆಂಟಿನ ಗಾಡಿ ಸುಮ್ಮನೆ ಹೋಗ್ತದಲ್ಲ, ನಿಮಗೆ ನಿದ್ದೆ ಬರುವುದಿಲ್ಲ, ಅದಕ್ಕೆ ನೀವೇ ಒಂದು ಶಬ್ದ ಮಾಡಿಕೊಂಡಿದ್ದೀರಿ – ಆದರೂ ಅವಳು ನೋಡದೆ ಬಿಟ್ಟವಳಲ್ಲ, ಹಾಗೆ ಯಾರೂ ಹೇಳುವಂತಿಲ್ಲ, ಬೆಳಗ್ಗೆ ಗ್ರೈಂಡರ್ ಬಿಟ್ಟು ಏಳಲಿಕ್ಕೆ ಆಗದವಳು, ಹೋಟೆಲುಗಳಿಗೆಲ್ಲ ಹಿಟ್ಟು ಕೊಟ್ಟು ಮುಗಿದ ಮೇಲೆ ಬಂದು ಗಂಡನ ಪಕ್ಕದಲ್ಲಿ ಕೂತಳು, ಸ್ವಾರ್‌ಗೇಟಿನವರೆಗೂ ಕಿವಿ ನೆಟ್ಟಗೆ ಮಾಡಿಕೊಂಡು ಬಂದಳು, ಹಂಪು ಬಂತು, ಹೋಯಿತು, ಏನೂ ಇಲ್ಲ, ಅವರೇ ನಾಚಿಕೊಂಡು, ಈಗ ಬರ್ತಾ ಇಲ್ಲ ನೋಡು, ಎಂದರು, ನನ್ನನ್ನು ಕಂಡು ಹೆದರಿ ಓಡಿರಬೇಕು, ಎಂದಳು ಅವಳು, ಆಮೇಲೆ ಕಂಪನಿಯ ಸರ್ವಿಸ್ ಸೆಂಟರಿಗೂ ಒಯ್ದಳು, ಅದೂ ಹೇಗೆ, ಹುಳಿ ನಾರುವ ಗಾಡಿಯನ್ನು ಆ ಗಾಜಿನ ಕಟ್ಟಡದ ಎದುರು ನಿಲ್ಲಿಸುವುದೇ, ನಾಲ್ಕು ಜನ ಮೂಗು ಮುಚ್ಚಿಕೊಂಡರೆ ನಮ್ಮ ಮರ್ಯಾದೆ ಏನಾಯಿತು, ಎಂದು ಕ್ಯಾನುಗಳನ್ನೆಲ್ಲ ಇಳಿಸಿ, ಸೋಪು ಹಾಕಿ ತೊಳೆದು, ಒಳಗೆ ಊದಿನಕಡ್ಡಿ ಹಚ್ಚಿ ಮದುಮಗಳ ಹಾಗೆ ಕರೆದೊಯ್ದಳು, ಅಕ್ಕೂ, ಹಿಟ್ಟು ತುಂಬಿಸಿಕೊಂಡೇ ಹೋಗುವ, ಆಗಲೇ ಅದು ಬರುವುದು, ಎಂದು ಅವರು ಹೇಳಿದ್ದರು, ಹೇಳಿದ್ದರಲ್ಲ, ಕೈಯಲ್ಲಿ ಕ್ಯಾನು ಹಿಡಿದುಕೊಂಡೇ ಹೇಳಿದ್ದರು, ಸುಮ್ಮನಿರಿ ನೀವು, ಎಂದಿದ್ದಳು – ಅಲ್ಲಿಯವರು ಕಂಪ್ಯೂಟರ್ ಹಚ್ಚಿ ನೋಡಿ, ಒಂದು ಸುತ್ತು ಓಡಿಸಿ ಬಂದು, ಕಾಹೀ ನಾಹೀ ಕಾಕೂ, ಗಾಡಿ ಏಕ್‌ದಮ್ ಮಸ್ತ್, ಎಂದರು, ಅವಳು ಗಂಡನ ಕಡೆ ತಿರುಗಿ, ಕೇಳಿತಾ, ಏನೂ ಇಲ್ಲವಂತೆ, ಎಂದಳು. ಅವರು ತಲೆಯಾಡಿಸಿದರು.

ಕೀ ಕಿತ್ತುಕೊಂಡದ್ದು ಶಿವಾಜಿನಗರದಲ್ಲಿ, ಹೋಟೆಲಿನ ಎದುರಿಗೇ, ಅವರು ಆಗ ದಿನಾ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಅದರ ಅಡಿಗೆ ಬಗ್ಗಿ ನೋಡುತ್ತಿದ್ದರು, ಪ್ಯಾಂಟಿನ ಮೊಣಕಾಲೆಲ್ಲ ಮಣ್ಣು, ಹಿಟ್ಟು ತಡ, ಹೋಟೆಲಿನವರ ಫೋನಿನ ಮೇಲೆ ಫೋನು, ಅವತ್ತು ಅವಳೇ ರಿಕ್ಷಾ ಹಿಡಿದು ಬಂದು ಅಂಗೈ ಚಾಚಿದಳು, ಕೊಡಿ ಕೀ, ನಿಮ್ಮ ತಲೆಯೊಳಗಿನ ಶಬ್ದಕ್ಕೆ ನಾನು ವ್ಯಾಪಾರ ಕಳಕೊಳ್ಳಲಿಕ್ಕೆ ಆಗುವುದಿಲ್ಲ, ಮಾಣಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಬೈದಿದ್ದರೆ ಒಳ್ಳೆಯದಿತ್ತು, ಒಂದು ಮಾತು ತಿರುಗಿ ಬೈದಿದ್ದರೆ, ಅವರು ಕೀಯನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟರು – ಆಮೇಲೆ ಮನೆಯಲ್ಲಿ, ಅಕ್ಕೂ, ಕುಕ್ಕರ್ ಕೂಗಿತಾ, ನಿಜವಾಗಿಯಾ? ಅಕ್ಕೂ, ಹೊರಗೆ ಮಳೆಯಾ, ನನಗೆ ಮಾತ್ರವಾ? ಹುಬ್ಬೆತ್ತಿ ಅವಳ ಮುಖ ನೋಡುತ್ತಾ, ಮೊದಮೊದಲು ಅಣಕಿಸುತ್ತಿದ್ದಾರೆ ಅಂದುಕೊಂಡಳು, ಅಲ್ಲ, ಸಣ್ಣ ಮಗು ಕತ್ತಲೆ ಕೋಣೆಗೆ ಹೋಗುವ ಮುಂಚೆ ತಾಯಿಯ ಮುಖ ನೋಡುತ್ತದಲ್ಲ, ಹಾಗೆ, ಅವಳು ಹೂಂ ಎಂದರೆ ಏಳುವುದು, ಇಲ್ಲ ಎಂದರೆ ಕೂರುವುದು, ಮತ್ತು ಇನ್ನೊಂದು ಮಧ್ಯಾಹ್ನ ಗ್ರೈಂಡರ್ ಓಡುತ್ತಿತ್ತು, ಮೊಣಕೈವರೆಗೂ ಉದ್ದಿನ ಹಿಟ್ಟು, ಬಾಗಿಲಲ್ಲಿ ಬೆಲ್ ಆಯಿತಾ ಅಕ್ಕೂ, ಎಂದರು, ಅವಳು ಕೇಳಿಸಿಕೊಳ್ಳಲೂ ಹೋಗದೆ, ಯಾರೂ ಇಲ್ಲ, ಕೂತ್ಕೊಳ್ಳಿ, ಎಂದಳು, ಕೂತರು, ಸಂಜೆ ನೋಡಿದರೆ ಬಾಗಿಲಿನ ಹಿಡಿಗೆ ಶೇಂಗಾ ಚಿಕ್ಕಿಯ ಪೊಟ್ಟಣ ತೂಗುತ್ತಿತ್ತು, ಅದನ್ನು ತರುವವನು ಒಬ್ಬನೇ, ಲೋಣಾವಳಾದ ಚಲುವರಾಜು, ಟೆಂಪೋ ಕಾಲದ ಗೆಳೆಯ, ಬಂದು, ಬೆಲ್ ಒತ್ತಿ ಒತ್ತಿ, ಹೋಗಿದ್ದ, ಆಗಲಾದರೂ ಹೇಳಬಹುದಿತ್ತು, ನೀವು ಕೇಳಿದ್ದು ಸರಿ, ಬೆಲ್ ಆಗಿತ್ತು, ನಾನೇ ಸುಳ್ಳು ಹೇಳಿದೆ, ಎಂದು, ಇಷ್ಟೇ ಮಾತು, ಆದರೆ ಗಂಡನ ಮುಂದೆ ಸೋಲಲಿಕ್ಕೆ ಅವಳ ನಾಲಿಗೆಗೆ ಅಭ್ಯಾಸವಿಲ್ಲ, ಪಕ್ಕದ ಮನೆಯವರು ಕೊಟ್ಟದ್ದು, ಎಂದಳು, ಅವರು ಚಿಕ್ಕಿ ತಿಂದರು, ಒಳ್ಳೆಯ ಜನ, ಎಂದರು. ಅದಾದ ಮೇಲೆ ಅವರು ಯಾವ ಸದ್ದಿಗೂ ತಾವಾಗಿ ಏಳಲಿಲ್ಲ.

ಹೊಸ ತೋಳು ಕೂತಿದೆ, ಕಪ್ಪಗೆ ಮಿರಿಮಿರಿ, ಚಕ್ರವೂ ಬಂತು, ಮಲಕಪ್ಪ ಗಾಡಿಯನ್ನು ನೆಲಕ್ಕೆ ಇಳಿಸುತ್ತಿದ್ದಾನೆ, ಬಿಗಿದು ಆಯಿತಾ, ಎಂದಳು ಅಕ್ಕು, ಇನ್ನೂ ಇಲ್ರಿ ಅಕ್ಕಾರ, ಬೋಲ್ಟ್ ಬರೇ ಕೂಡ್ಸೀನಿ, ಚಕ್ರ ತೂಗಾಡುವಾಗ ಬಿಗದ್ರ ಒಳಗಿನ ರಬ್ಬರ್ ತಿರುಚಿಕೊಂಡೇ ಕೂಡತದ, ಆಮ್ಯಾಲೆ ಭಾರ ಬಿದ್ದಂಗೆಲ್ಲಾ ಹರೀತದ, ನಿಮ್ಮ ಹಿಟ್ಟಿನ ಡಬ್ಬಿ ತುಂಬ್ರಿ ಮೊದಲ, ಗಾಡಿ ದಿನಾ ನಿಲ್ಲೂವಂಗ ನಿಲ್ಲಲಿ, ಆಗ ಬಿಗೀತೀನಿ, ಎಂದ, ಅವಳೂ ರಿತೇಶನೂ ಕ್ಯಾನು ಎತ್ತಿ ಎತ್ತಿ ಇಟ್ಟರು, ಗಾಡಿ ಮೆಲ್ಲಗೆ ಕುಗ್ಗಿತು, ಅವಳು ಕೇಳಬಾರದಿತ್ತು, ಕೇಳಿಬಿಟ್ಟಳು, ಖಾಲಿ ಗಾಡಿ ಓಡಿಸಿ ನೋಡಿದರೆ ಈ ಸೀಳು ಗೊತ್ತಾಗ್ತಿತ್ತಾ, ಎಂದು. ಮಲಕಪ್ಪ ಬೋಲ್ಟ್ ಬಿಗಿಯುವ ಪಾನಾ ಹಿಡಿದುಕೊಂಡೇ ನಕ್ಕ, ಖಾಲಿ ಇದ್ದಾಗ ಅದು ಬಾಯಿ ಮುಚ್ಚಿಕೊಂಡಿರ್ತದರಿ, ಭಾರ ಹೊತ್ತಾಗಷ್ಟೇ ಬಾಯಿ ಬಿಡೂದು, ಡ್ರೈವರ್‌ಗೆ ಬಿಟ್ರ ಮತ್ಯಾರಿಗೂ ಕೇಳಂಗಿಲ್ಲ.

ಡ್ರೈವರಿಗೆ ಬಿಟ್ಟರೆ – ಹಳೆಯ ತೋಳು ಎಸೆಯಬೇಡಿ, ಎಂದಳು, ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ತಣ್ಣಗಿದೆ, ಭಾರವಿದೆ, ಇದನ್ನು ಅವರ ಕೈಗೆ ಕೊಡಬೇಕು, ತುಕ್ಕು ಮುಟ್ಟಿಸಬೇಕು, ಕೀಯನ್ನೂ ಕೊಡಬೇಕು, ಆ ಹೋಟೆಲಿನ ಎದುರೇ ಕೊಡಬೇಕು, ಮಾಣಿಗಳು ನೋಡಲಿ, ಮನೆ ಮುಟ್ಟುವವರೆಗೆ ಕಾಯಲು ಆಗಲಿಲ್ಲ, ಒಂದು ಗಳಿಗೆಯೂ ಇನ್ನು ಅವರು ಹಾಗೆ ಇರಬಾರದು, ಮೊಬೈಲು ತೆಗೆದು ಮನೆಗೆ ಹಚ್ಚಿದಳು, ಬಾಯಿಯಲ್ಲಿ ಮಾತು ತಯಾರಿದೆ, ಶಬ್ದ ಇತ್ತು, ನಿಮ್ಮ ಕಿವಿ ಸರಿ ಉಂಟು, ಬೆಲ್ಲೂ ಆಗಿತ್ತು, ಚಿಕ್ಕಿ ಚಲುವರಾಜು ತಂದದ್ದು, ನನ್ನದೇ ತಪ್ಪು – ರಿಂಗಾಗುತ್ತಿದೆ, ಫೋನು ಅವರ ಕುರ್ಚಿಯ ಪಕ್ಕದ ಕಿಟಕಿಯ ಮೇಲೇ ಇದೆ, ಕೈ ಚಾಚಿದರೆ ಸಿಗುತ್ತದೆ, ತಾನೇ ಇಟ್ಟು ಬಂದದ್ದು, ರಿಂಗಾಗುತ್ತಿದೆ, ಆಯ್ತ್ರಿ ಅಕ್ಕಾರ, ಹೊಂಡ್ರಿ, ಎನ್ನುತ್ತಿದ್ದಾನೆ ಮಲಕಪ್ಪ, ನಿಂತುಹೋಯಿತು, ಮತ್ತೆ ಹಚ್ಚಿದಳು, ಎತ್ತಿ, ಎತ್ತಿ ಮಾರಾಯ್ರೇ, ಇದು ನಿಜ, ಇದು ನಾನು, ರಿಂಗಾಗುತ್ತಿದೆ, ಅವರಿಗೆ ಕೇಳುತ್ತಿದೆ, ಕೇಳದೆ ಏನು, ಚೆನ್ನಾಗಿ ಕೇಳುತ್ತಿದೆ, ಕುರ್ಚಿಯ ತುದಿಗೆ ಸರಿದಿದ್ದಾರೆ, ಹುಬ್ಬೆತ್ತಿ ಅಡುಗೆಮನೆಯ ಕಡೆ ಮುಖ ತಿರುಗಿಸಿದ್ದಾರೆ, ಫೋನ್ ಆಗ್ತಾ ಉಂಟಾ ಅಕ್ಕೂ, ನಿಜವಾಗಿಯಾ, ಎತ್ತಿದ ಹುಬ್ಬು ಇಳಿಸದೆ ಕಾಯುತ್ತಿದ್ದಾರೆ, ಅಲ್ಲಿ ಯಾರೂ ಇಲ್ಲ, ಎತ್ತಿದ ಹುಬ್ಬು, ಯಾರೂ ಇಲ್ಲ