ಜೀಪಿನ ಗಾಜಿಗೆ ಬಳಿದ ಭಂಡಾರ

ಉಟಗಿಯಲ್ಲಿ ಚಲೋ ವಸ್ತು ಏನೇ ಮನೆಗೆ ಬಂದರೂ ಅದರ ಬೆನ್ನಿಗೇ ದೃಷ್ಟಿಯ ಭಯವೂ ಬರುತ್ತದೆ. ಎತ್ತು ತಂದರೆ ಕೊರಳಿಗೆ ಕರಿ ದಾರ ಕಟ್ಟಬೇಕು, ಎಮ್ಮೆ ಈದರೆ ಕೊಟ್ಟಿಗೆಗೆ ಕಾಲಿಗೆ ಮೆಟ್ಟಿ ಹಳೆಯದಾದ ಕೆರ ತೂಗಬೇಕು. ಹೀಗಿರುವಾಗ ಸೈನ್ಯದವರು ಹರಾಜು ಹಾಕಿದ ಹಳೆಯ ಜೀಪನ್ನು ವಿಠೋಬ ತಂದು ಮನೆ ಮುಂದೆ ನಿಲ್ಲಿಸಿದರೆ ಊರು ಸುಮ್ಮನಿದ್ದೀತೇ? ಕುರಿ ಕಾಯುವ ಮನೆತನಕ್ಕೆ ಅದೇ ಮೊದಲ ಮೋಟಾರು. ನೋಡಲು ಬಂದವರೇ ಬಂದವರು, ಹಾರ್ನ್ ಒತ್ತಿದವರೇ ಒತ್ತಿದವರು.

ಆ ಜೀಪಿಗೆ ಈಗ ದೊಡ್ಡ ಕೆಲಸ ಬಂದಿತ್ತು. ವಿಠೋಬನ ಹೆಂಡತಿ ಗೌರವ್ವ ಮಿರಜಿನಲ್ಲಿರುವ ತನ್ನ ಅಕ್ಕನ ಮನೆಯಲ್ಲಿ ಹೆಣ್ಣು ಕೂಸು ಹಡೆದಿದ್ದಳು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ವಿಠೋಬನ ಮನೆಯಲ್ಲಿ ತೊಟ್ಟಿಲು ತೂಗುವ ಕಾಲ ಬಂದಿತ್ತು. ಬಾಣಂತಿ ಮತ್ತು ಕೂಸು ಜೀಪಿನಲ್ಲೇ ಬರಬೇಕೆಂದು ವಿಠೋಬನ ತಾಯಿ ಅಕ್ಕವ್ವ ಹಟ ಹಿಡಿದಿದ್ದಳು.

ಹೊರಡುವ ಹಿಂದಿನ ದಿನ ಅಕ್ಕವ್ವ ಬೀರಪ್ಪನ ಗುಡಿಯಿಂದ ಭಂಡಾರ ತಂದಳು. ದೇವರ ಆ ಅರಿಷಿಣ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಜೀಪಿಗೆ ಬಳಿದಳು. ಮುಂದಿನ ಗಾಜಿಗೂ ಬಳಿದಳು, ಎರಡೂ ದೀಪಗಳಿಗೂ ಬಳಿದಳು. ಸಾಲದೆಂದು ಗಾಜಿನ ಮುಂದೆ ಕರಿ ಉಣ್ಣೆಯ ಗೊಂಡೆಗಳನ್ನು ಸಾಲಾಗಿ ಕಟ್ಟಿದಳು.

ವಿಠೋಬನ ಗೆಳೆಯ, ಪಕ್ಕದ ಮನೆಯ ಶಿದ್ರಾಯ ಸರಕಾರಿ ಎಸ್.ಟಿ. ಬಸ್ಸಿನ ಡ್ರೈವರ್. ರಜೆಯ ಮೇಲೆ ಊರಿಗೆ ಬಂದಿದ್ದ. ಜೀಪಿನ ಅವತಾರ ಕಂಡು ಗೊಳ್ಳೆಂದು ನಕ್ಕ.

“ಅತ್ತಿ, ಇದೇನ್ರಿ? ಜೀಪಿಗೆ ಎಣ್ಣಿ ಹಚ್ಚಿ ಎರಿಯಾಕ ಕುಂದ್ರಿಸೀರೇನು?”

“ನಗಬ್ಯಾಡ ಶಿದ್ರಾಯಾ. ಮಂದಿ ಕಣ್ಣ ಭಾಳ ಕೆಟ್ಟ ಇರತಾವ.”

“ಮಂದಿ ಕಣ್ಣ ಬಿಡ್ರಿ, ನಿಮ್ಮ ಮಗಗ ಹಾದಿ ಕಾಣಬೇಕಲ್ಲ? ಥಂಡಿ ದಿನಾ, ಹೊಳಿ ಕಡೆ ಮಂಜ ಬೀಳತೈತಿ. ಮಿರಜ್ಯಾಗ ಟಾಂಗಾ, ಸೈಕಲ್ಲು, ಕೈಗಾಡಿ, ಎಲ್ಲಾ ಒಂದ ಹಾದ್ಯಾಗ ನುಗ್ಗತಾವ. ಗಾಜ ಒರಸ್ರಿ, ದೀಪಾನೂ ಒರಸ್ರಿ.”

“ದೇವರ ಭಂಡಾರ ಒರಸಂತೀಯಾ? ನನ್ನ ಮೊಮ್ಮಗಳು ಕುಂದ್ರೂ ಗಾಡಿ ಇದು. ಎಲ್ಲಾ ಬೀರಪ್ಪ ನೋಡಕೋತಾನ, ನೀ ಸುಮ್ಮಕಿರು.”

ಗಾಜಿನ ನಡುವೆ ಅಂಗೈ ಅಗಲದಷ್ಟು ಜಾಗ ಉಳಿದಿತ್ತು. “ಅಷ್ಟರಾಗ ಕಾಣತೈತಿ ಬಿಡೋ” ಎಂದು ವಿಠೋಬ ಗೆಳೆಯನ ಕಿವಿಯಲ್ಲಿ ಹೇಳಿದ. ಶಿದ್ರಾಯನಿಗೆ ಸಮಾಧಾನವಾಗಲಿಲ್ಲ. ತಾನೂ ಬರುತ್ತೇನೆಂದು ಹಟ ಮಾಡಿ ಜೊತೆಗೆ ಹೊರಟ.

ಕೋಳಿ ಕೂಗುವ ಮೊದಲೇ ಅಕ್ಕವ್ವನನ್ನೂ ಕೂರಿಸಿಕೊಂಡು ಊರು ಬಿಟ್ಟರು. ಬೆಳಗಾಗಿ ಮಿರಜ ಹತ್ತಿರ ಬಂದಾಗ ಶಿದ್ರಾಯ ಹೇಳಿದಂತೆಯೇ ಮಂಜು ಕವಿಯಿತು. ಎಣ್ಣೆ ಭಂಡಾರದ ಮೇಲೆ ಹನಿ ಕೂತು ಗಾಜೆಲ್ಲ ಕೆಸರಾಯಿತು. ಕತ್ತಲೆಯಲ್ಲಿ ಹೇಗೋ ದಾರಿ ತೋರಿಸಿದ್ದ ದೀಪದ ಬೆಳಕು ಈಗ ಬಂಪರು ದಾಟಿ ಮುಂದೆ ಹೋಗಲಿಲ್ಲ. ಕಣ್ಣ ಮುಂದೆ ಗೊಂಡೆ ಬೇರೆ ಕುಣಿಯುತ್ತಿದ್ದವು.

“ಸಾವಕಾಶ ಹೊಡಿ ತಮ್ಮಾ” ಎಂದ ಶಿದ್ರಾಯ. “ನಿನಗ ಎಷ್ಟ ದೂರ ಕಾಣತೈತೋ ಅಷ್ಟರಾಗ ಗಾಡಿ ನಿಲ್ಲಬೇಕು. ಅದಕ್ಕಿಂತ ಜೋರ ಬ್ಯಾಡ.”

“ಕೂಸ ಕಾಯಾಕತ್ತೈತಿ, ಲಗೂನ ನಡಿ” ಎಂದಳು ಅಕ್ಕವ್ವ.

ವಿಠೋಬ ಅವ್ವನ ಮಾತು ಕೇಳಿದ. ಜೀಪು ಓಡಿತು. ಅಷ್ಟರಲ್ಲಿ ಅಕ್ಕವ್ವನ ಕಿವಿ ನಿಮಿರಿತು. ಹುಟ್ಟಿದಂದಿನಿಂದ ಕೇಳಿದ ಸದ್ದು ಅದು, ಮರಿ ಅರಚುವ ಸದ್ದು.

“ಕುರಿ! ಕುರಿ ಅದಾವೋ! ನಿಲ್ಲಸೋ!”

ವಿಠೋಬ ಬ್ರೇಕ್ ಮೇಲೆ ನಿಂತೇ ಬಿಟ್ಟ. ಜೀಪು ಕಿರ್ರೆಂದು ಜಾರಿ ನಿಂತಿತು. ಮುಂದೆ ರಸ್ತೆ ತುಂಬ ಕುರಿಗಳು. ಅವುಗಳ ನಡುವೆ, ಬಂಪರಿನಿಂದ ಗೇಣು ದೂರದಲ್ಲಿ, ಕರಿ ಕಂಬಳಿ ಹೊದ್ದ ಹೆಣ್ಣುಮಗಳೊಬ್ಬಳು. ಆಕೆಯ ಬೆನ್ನಿಗೆ ಕಟ್ಟಿದ ಜೋಳಿಗೆಯಲ್ಲಿ ಒಂದು ಕೂಸು.

“ಕಣ್ಣ ಕಾಣಂಗಿಲ್ಲೇನೋ ನಿನಗ?” ಎಂದು ಆಕೆ ಚೀರಿದಳು.

ಅಕ್ಕವ್ವ ಕೆಳಗಿಳಿದಳು. ಜೋಳಿಗೆಯಲ್ಲಿ ಇಣುಕಿದಳು. ಕೂಸು ಬೆರಳು ಚೀಪುತ್ತಿತ್ತು.

“ಹೆಣ್ಣಕೂಸೇನವ್ವಾ?”

“ಹೌದ್ರೀ.”

ಅಕ್ಕವ್ವ ಮತ್ತೇನೂ ಕೇಳಲಿಲ್ಲ. ಸೀದಾ ಜೀಪಿನ ಮುಂದೆ ಬಂದು, ಸೆರಗು ಹಿಡಿದು, ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದಳು. ದೀಪಗಳನ್ನೂ ಒರೆಸಿದಳು. ಗೊಂಡೆ ಕಿತ್ತು ಮಡಿಲಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಬೀರಪ್ಪಾ, ಸಿಟ್ಟ ಆಗಬ್ಯಾಡಪ್ಪಾ. ನನ್ನ ಮೊಮ್ಮಗಳ ಸಲುವಾಗಿ ಇನ್ನೊಬ್ಬಾಕಿ ಕೂಸಿನ ಮ್ಯಾಲ ಗಾಡಿ ಹಾಯಸ್ತಿದ್ನೆಲ್ಲೋ!”

“ದೇವರೇನ ಸಿಟ್ಟ ಆಗಾಂಗಿಲ್ಲ ಅತ್ತಿ” ಎಂದ ಶಿದ್ರಾಯ ಮೆಲ್ಲಗೆ. “ಭಂಡಾರ ವಿಠೋಬನ ಹಣಿಗೆ ಹಚ್ರಿ, ಬಾನೆಟ್ಟಿಗೆ ಹಚ್ರಿ. ಗಾಜು, ದೀಪ ಎರಡ ಬಿಡ್ರಿ.”

ಮಂಜು ಹರಿಯುವವರೆಗೆ ಜೀಪನ್ನು ರಸ್ತೆಯಿಂದ ಪೂರಾ ಕೆಳಗಿಳಿಸಿ ನಿಲ್ಲಿಸಿದರು. ಅಕ್ಕವ್ವ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಕುರಿಗಾರತಿ ಆಗತಾನೆ ಕರೆದ ಬೆಚ್ಚಗಿನ ಹಾಲು ಕೊಟ್ಟಳು. ಸಿಟ್ಟೆಲ್ಲ ಇಳಿದು ಇಬ್ಬರೂ ಬೀಗತಿಯರ ಹಾಗೆ ಹರಟಿದರು.

ಮಿರಜಿನೊಳಗೆ ಬಂದ ಮೇಲಂತೂ ಅಕ್ಕವ್ವನದೇ ಕಾರಭಾರ. “ಎಡಕ್ಕ ಹೊಡಿಯೋ! ಆ ಟಾಂಗಾದವ ಹೋಗಲಿ ಮೊದಲ. ಪೋಲೀಸ ಕೈ ಎತ್ಯಾನ, ಕಾಣವಲ್ದೇನು? ಸೈಕಲ್ ಹುಡುಗಿ ಬಂದಾಳ, ಹಾರ್ನ ಮಾಡು!” ಶಿದ್ರಾಯ ಹಿಂದೆ ಕೂತು ಹೊಟ್ಟೆ ಹಿಡಿದು ನಕ್ಕ.

“ಅತ್ತಿ, ಎಸ್.ಟಿ.ಗೆ ಅರ್ಜಿ ಹಾಕ್ರಿ, ನಿಮ್ಮನ್ನ ತಗೋತಾರ!”

ಗೌರವ್ವನ ಅಕ್ಕನ ಮನೆ ಮುಟ್ಟಿ ಮೊಮ್ಮಗಳನ್ನು ಎದೆಗವಚಿಕೊಂಡಾಗ ಅಕ್ಕವ್ವನಿಗೆ ಸ್ವರ್ಗ ಮೂರೇ ಗೇಣು. ಬಾಣಂತಿ, ಕೂಸನ್ನು ಕೂರಿಸಿಕೊಂಡು ತಿರುಗಿ ಬರುವಾಗ ಜತ್ತ ದಾಟಿ ವಳಸಂಗದ ಹತ್ತಿರ ಹೊತ್ತು ಇಳಿಯಿತು. ಎದುರಿನ ಗಾಡಿಗಳ ಧೂಳು ಗಾಜಿನ ಮೇಲೆ ಕೂತಿತ್ತು. ಈ ಸಲ ಶಿದ್ರಾಯ ಹೇಳಬೇಕಾಗಲಿಲ್ಲ. ವಿಠೋಬ ತಾನೇ ಗಾಡಿ ನಿಲ್ಲಿಸಿ ಗಾಜು ಒರೆಸಿ, ದೀಪ ಹಚ್ಚಿ, ಮೆಲ್ಲಗೆ ಹೊರಟ.

ಉಟಗಿಯಲ್ಲಿ ಡೊಳ್ಳಿನವರು ಸಂಜೆಯಿಂದ ಕಾದು ಕೂತಿದ್ದರು. ಜೀಪು ಕಂಡದ್ದೇ ತಡ, ಡೊಳ್ಳು ಗುಡುಗಿದವು. ನೆರೆಮನೆಯ ಮಲಕವ್ವ ಆರತಿ ಹಿಡಿದು ಬಂದು ಗೊಣಗಿದಳು.

“ಎಷ್ಟ ತಡಾ ಮಾಡಿದ್ರವ್ವಾ! ನಮ್ಮ ಜೀವ ಹೋಗಿ ಬಂದಂಗಾತು.”

ಅಕ್ಕವ್ವ ನಿದ್ದೆ ಹೋದ ಕೂಸನ್ನು ಆಕೆಯ ಕೈಗಿಟ್ಟಳು.

“ತಡಾ ಆತು, ಖರೇ ಐತಿ. ಆದ್ರ ಎಲ್ಲಾರೂ ಬಂದೀವಿ ನೋಡು.”

ಅಣ್ಣಂದಿರೇ, ತಾಯಂದಿರೇ, ನಿಮ್ಮ ಮನೆಯಲ್ಲೂ ಗಾಡಿ ಇದ್ದೀತು, ನಾಳೆ ಬಂದೀತು. ದೇವರ ಹೆಸರು ತೆಗೆದುಕೊಂಡೇ ಹತ್ತಿ, ಆದರೆ ಗಾಜು, ದೀಪ ಒರೆಸಿಕೊಂಡು ಹತ್ತಿ. ಕಂಡಷ್ಟೇ ದೂರಕ್ಕೆ ತಕ್ಕ ವೇಗ ಇರಲಿ. ಮಂಜಿನಲ್ಲಿ ಏನೂ ಕಾಣದಿದ್ದರೆ ರಸ್ತೆ ಬಿಟ್ಟಿಳಿದು ನಿಲ್ಲಿರಿ. ಪೇಟೆಯಲ್ಲಿ ನಡೆಯುವವರಿಗೆ ಮೊದಲು ದಾರಿ ಬಿಡಿ. ನಿಮ್ಮ ಮನೆಯಲ್ಲಿ ಕಾಯುವವರು ಇರುವಂತೆ, ರಸ್ತೆಯಲ್ಲಿ ನಡೆದು ಹೋಗುವವರ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ.