ದೇಶದ ಲೆಕ್ಕಕ್ಕೆ ಒಂದು ಸೊಂಟ

ಆ ಮನೆಯಲ್ಲಿ ಭಾನುವಾರ ಬಂತೆಂದರೆ ತಿಂಡಿಗೆ ಮೊದಲು ತೂಕ. ನಡುಮನೆಯ ಮೂಲೆಯಲ್ಲೊಂದು ತೂಕದ ಯಂತ್ರ, ಅದರ ಪಕ್ಕದಲ್ಲಿ ಎದೆ ಸೆಟೆಸಿಕೊಂಡು ಮಾವ. ಜೀವಮಾನವಿಡೀ ಶಾಲೆಯ ಮಕ್ಕಳನ್ನು ಓಡಿಸಿ, ಬಗ್ಗಿಸಿ, ಬಿಸಿಲಿನಲ್ಲಿ ನಿಲ್ಲಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಡ್ರಿಲ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕೆಲಸ ಹೋದರೂ ಸೀಟಿ ಊದುವ ಚಟ ಹೋಗಿರಲಿಲ್ಲ. ಮನೆಯವರು ಒಬ್ಬೊಬ್ಬರಾಗಿ ಯಂತ್ರ ಹತ್ತಬೇಕು, ಮೇಷ್ಟ್ರು ಮುಳ್ಳು ನೋಡಿ ಅಂಕಿಯನ್ನು ಬೀದಿಗೆ ಕೇಳುವಂತೆ ಕೂಗಬೇಕು. ಹಿರಿಸೊಸೆಯ ಸರದಿ ಬಂದಾಗ ಮಾತ್ರ ಅವರ ಕಣ್ಣು ಸೂರಿಗೆ ಹೋಗುತ್ತಿತ್ತು. "ಮುಂದೆ!" ಎನ್ನುತ್ತಿದ್ದರು. ಅವಳನ್ನು ತೂಗುವುದೇ ಬೇಡ. ತೂಗಿದರೆ ಕೂಗಬೇಕಲ್ಲ!

ಬೈದಿದ್ದರೆ ಅವಳು ಸಹಿಸುತ್ತಿದ್ದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳಿಗೆ ಬೈಗುಳ ಹೊಸದೇ? ಬಸ್ಸು ತಡವಾದರೂ ಅವಳೇ ಕಾರಣ, ಚಿಲ್ಲರೆ ಇಲ್ಲದಿದ್ದರೂ ಅವಳೇ ಕಾರಣ, ಮಳೆ ಬಂದರೂ ಅವಳೇ ಕಾರಣ. ಒಂದಕ್ಕೆ ನಾಲ್ಕು ಆಡಿ, ಟಿಕೆಟ್ಟನ್ನೂ ಕೊಟ್ಟು ಕಳಿಸುವ ಬಾಯಿ ಅವಳದು. ಆದರೆ ಕಣ್ಣೆದುರು ನಿಂತವಳನ್ನು ಇಲ್ಲವೇ ಇಲ್ಲ ಎನ್ನುವವರಿಗೆ ಏನೆಂದು ಉತ್ತರ ಕೊಡುವುದು? ಮನೆಯಲ್ಲಿ ಆ ಬಾಯಿಗೆ ಬೀಗ ಬಿದ್ದಿತ್ತು.

ಈಚೆಗೆ ಅವಳಿಗೆ ತಡೆಯಲಾರದ ಬಾಯಾರಿಕೆ. ಕೌಂಟರಿಗೆ ಒಯ್ದ ನೀರಿನ ಬಾಟಲಿ ನೋಡನೋಡುತ್ತಿದ್ದಂತೆ ಖಾಲಿಯಾಗುತ್ತಿತ್ತು. ಪಾದಗಳಲ್ಲಿ ಉರಿ. ಗಂಡನಿಗೆ ಹೇಳಿದಳು. ಗಂಡ ಅಪ್ಪನ ಮುಖ ನೋಡಿದ. "ಬೆಳಿಗ್ಗೆ ಎದ್ದು ಮೈದಾನಕ್ಕೆ ಬರೋಕೆ ಹೇಳು. ನಮ್ಮ ಮನೇಲಿ ಯಾರಿಗೂ ಕಾಯಿಲೆ ಇಲ್ಲ, ಬರೋದೂ ಇಲ್ಲ" ಎಂದು ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದರು. ಅವಳೇ ಹೋಗಿ ರಕ್ತ ಕೊಟ್ಟು ಬರಬಹುದಿತ್ತು, ಯಾರೂ ಕಾಲು ಕಟ್ಟಿರಲಿಲ್ಲ. ಆದರೆ ಏನಾದರೂ ಇದೆ ಎಂದು ಬಂದರೆ "ತಿಂದದ್ದಕ್ಕೆ ಅನುಭವಿಸು" ಎನ್ನುತ್ತಾರೆ, ಏನೂ ಇಲ್ಲ ಎಂದು ಬಂದರೆ "ಬರೀ ನಾಟಕ" ಎನ್ನುತ್ತಾರೆ. ಹೆದರಿಕೆಯೂ ಸಿಟ್ಟೂ ಸೇರಿ ಅವಳನ್ನು ಕೂತಲ್ಲೇ ಕೂರಿಸಿಬಿಟ್ಟಿದ್ದವು.

ಅಂಥದರಲ್ಲಿ ಬೀದಿಗೆ ಸಮೀಕ್ಷೆಯವರು ಬಂದರು. ದೇಶದ ವಯಸ್ಕರಲ್ಲಿ ಎಷ್ಟು ಜನಕ್ಕೆ ಸೊಂಟದ ಬೊಜ್ಜು, ರಕ್ತದೊತ್ತಡ, ಸಕ್ಕರೆ, ರಕ್ತದ ಎರಡು ಬಗೆಯ ಕೊಬ್ಬು ಇವೆಲ್ಲ ಒಟ್ಟೊಟ್ಟಿಗೆ ಕೆಟ್ಟಿವೆ ಎಂದು ತಿಳಿಯುವ ಸಮೀಕ್ಷೆ. ಹಾಗೆ ಕೆಡುವುದಕ್ಕೆ ಡಾಕ್ಟರುಗಳು ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರಂತೆ. ಎಲ್ಲರನ್ನೂ ಅಳೆಯಲು ಆಗುವುದಿಲ್ಲವಲ್ಲ, ಅದಕ್ಕೆ ಮನೆಗೊಬ್ಬರು. ಆ ಒಬ್ಬರು ಯಾರೆಂದು ಆರಿಸುವುದು ಮನೆಯವರೂ ಅಲ್ಲ, ಸಮೀಕ್ಷೆಯವರೂ ಅಲ್ಲ, ಟ್ಯಾಬು ತಾನೇ ಎತ್ತುವ ಅದೃಷ್ಟದ ಚೀಟಿ. ಪಟ್ಟಿ ಮಾಡಲು ಬಂದ ಗಣತಿದಾರ ಮನೆಯವರ ಹೆಸರನ್ನೆಲ್ಲ ತುಂಬಿಸಿ ಗುಂಡಿ ಒತ್ತಿದ. ಬಂದದ್ದು ಹಿರಿಸೊಸೆಯ ಹೆಸರು. "ನಾಳೆ ಬೆಳಿಗ್ಗೆ ನರ್ಸ್ ಬರ್ತಾರೆ, ಏನೂ ತಿನ್ನದೆ ಇರಿ" ಎಂದು ಹೇಳಿ ಪಕ್ಕದ ಮನೆಗೆ ಹೋದ.

ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ನಗಬೇಡಿ. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ದೇಶವೇ ಬಾಗಿಲಿಗೆ ಬಂದು ಕೇಳಿತ್ತು. ಇನ್ನು ತಾನಾಗಿ ಹೋಗಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ, ಪಾದ ಯಾಕೆ ಉರಿಯುತ್ತದೆ ಎಂದು ನಾಳೆ ಗೊತ್ತಾಗಿಬಿಡುತ್ತದೆ.

ಮೇಷ್ಟ್ರಿಗೆ ಅದೇ ಕುತ್ತಾಗಿ ಕಂಡಿತು. ದಿನಾ ಬೆಳಿಗ್ಗೆ ಅರ್ಧ ಬೀದಿಯನ್ನು ಮೈದಾನದಲ್ಲಿ ಬಗ್ಗಿಸಿ ಏಳಿಸುತ್ತ, "ನಮ್ಮ ಮನೆ ನೋಡಿ ಕಲೀರಿ" ಎನ್ನುವವರು ಅವರು. ಆ ಮನೆಯ ಪರವಾಗಿ ಇವಳ ಸೊಂಟ ಹೋಗುವುದೇ? ಊಟಕ್ಕೆ ಕೂತಾಗಲೇ ತೀರ್ಪು ಬಂತು. ನಾಳೆ ಕಿರಿಸೊಸೆ ಕೂರಬೇಕು, ಹಿರಿಸೊಸೆ ಒಳಕೋಣೆಯಲ್ಲಿರಬೇಕು. ಪಟ್ಟಿ ಮಾಡಿದವನೇ ಬೇರೆ, ನರ್ಸೇ ಬೇರೆ, ಮುಖ ಯಾರಿಗೆ ಗೊತ್ತು! ತಂಡದಲ್ಲಿ ಒಬ್ಬ ಆಟಗಾರ ಸರಿಯಿಲ್ಲದಿದ್ದರೆ ಇನ್ನೊಬ್ಬನನ್ನು ಇಳಿಸುವುದು ಅವರ ಪ್ರಕಾರ ಮೋಸವೇ ಅಲ್ಲ, ಅದು ಆಟದ ನಿಯಮ.

ಕಿರಿಸೊಸೆ ಬಳುಕುವ ಬಳ್ಳಿ, ಭಾನುವಾರದ ಹೆಮ್ಮೆ. ತಟ್ಟೆ ನೋಡುತ್ತ ತಲೆಯಾಡಿಸಿದಳು. ಅವಳ ಗಂಡ ದೂರದ ಊರಿನಲ್ಲಿ ಲಾರಿ ಓಡಿಸುತ್ತಿದ್ದ, ಅವಳ ಪರ ಮಾತಾಡುವವರೂ ಅಲ್ಲಿ ಇರಲಿಲ್ಲ. ಹಿರಿಸೊಸೆ ಗಂಡನ ಕಡೆ ನೋಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. "ಒಂದು ಗಳಿಗೆ ಒಳಗಿರು, ಅಷ್ಟೇ ತಾನೇ" ಎಂದ. ಬೆಳಿಗ್ಗೆ ಎದ್ದ ಹಿರಿಸೊಸೆ ತೊಟ್ಟು ಚಹಾ ಕೂಡ ಕುಡಿಯಲಿಲ್ಲ. ಯಾಕೆ ಎಂದು ಗಂಡ ಕೇಳಲೂ ಇಲ್ಲ.

ನರ್ಸಮ್ಮ ಬಂದಳು. ಹೆಗಲಲ್ಲಿ ದೊಡ್ಡ ಚೀಲ, ದಣಿದ ಮುಖ. ಹಿರಿಸೊಸೆ ಒಳಕೋಣೆಯಲ್ಲಿ, ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಬಾಗಿಲು ಓರೆ ಮಾಡಿತ್ತು. ನರ್ಸಮ್ಮ ಟ್ಯಾಬ್ ನೋಡಿ ಹಿರಿಸೊಸೆಯ ಹೆಸರು ಓದಿದಳು. "ನೀವೇ ತಾನೇ?"

"ಹೂಂ" ಎಂದಿತು ಕಿರಿಸೊಸೆಯ ದನಿ.

ತನ್ನ ಹೆಸರಿಗೆ ಇನ್ನೊಬ್ಬರು ಹೂಂಗುಟ್ಟುವುದನ್ನು ನೀವು ಗೋಡೆಯ ಹಿಂದೆ ಕೂತು ಕೇಳಿದ್ದೀರಾ? ಬದುಕಿರುವಾಗಲೇ ತನ್ನನ್ನು ದಾಟಿ ಹೋದರಲ್ಲ ಇವರು! ಆದರೂ ಅವಳು ಏಳಲಿಲ್ಲ. ಮಂಚದ ಅಂಚನ್ನು ಹಿಡಿದು ಕೂತಿದ್ದಳು.

ಹೊರಗೆ ಅಳತೆ ಶುರುವಾಯಿತು. "ಸೊಂಟ ಚೆನ್ನಾಗಿದೆ" ಎಂದಳು ನರ್ಸಮ್ಮ. ಮೇಷ್ಟ್ರು ಗಂಟಲು ಸರಿಮಾಡಿಕೊಂಡ ಸದ್ದು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬುವ ಸದ್ದು. "ಸ್ವಲ್ಪ ಉಸಿರಾಡಿ, ಇನ್ನೊಂದು ಸಲ ನೋಡ್ತೀನಿ" ಎಂದಳು. ಇನ್ನೊಂದು ಸಲ. ಮತ್ತೊಂದು ಸಲ. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು. ಅವಳ ದನಿ ಬದಲಾಯಿತು.

"ಅಮ್ಮಾ, ನಿಮಗೆ ಬಿಪಿ ಇದೆ ಅಂತ ಗೊತ್ತಿತ್ತಾ? ಬಹಳ ಜಾಸ್ತಿ ಇದೆ. ಸಕ್ಕರೆನೂ ಗಡಿ ದಾಟಿದೆ. ತಲೆ ಸುತ್ತೋದು, ಕಣ್ಣು ಕತ್ತಲೆ ಬರೋದು ಇದೆಯಾ?"

"ಸಾಧ್ಯವೇ ಇಲ್ಲ" ಎಂದರು ಮೇಷ್ಟ್ರು. "ನಿಮ್ಮ ಯಂತ್ರ ಕೆಟ್ಟಿದೆ. ಅವಳನ್ನ ನೋಡಿ, ಕಡ್ಡಿ ಇದ್ದ ಹಾಗಿದ್ದಾಳೆ!"

"ಕಡ್ಡಿ ಇದ್ದ ಹಾಗೆ ಇದ್ದೋರಿಗೂ ಬರುತ್ತೆ ಸಾರ್. ಕಾಯಿಲೆ ಮೈಕಟ್ಟು ನೋಡ್ಕೊಂಡು ಬರಲ್ಲ."

ಆಗ ಕಿರಿಸೊಸೆ ಬಿಕ್ಕಿದಳು. "ಸುತ್ತುತ್ತೆ. ಸ್ನಾನದ ಮನೇಲಿ ಒಂದು ಸಲ ಬಿದ್ದಿದ್ದೆ. ಈ ಮನೇಲಿ ಹೇಳೋದು ಹೇಗೆ?"

ಅಷ್ಟು ಕೇಳಿದ್ದೇ ಸಾಕು. ತನಗಾಗಿ ಏಳದವಳು ಆ ಅಳುವಿಗೆ ಎದ್ದಳು. ಬಾಗಿಲು ಗೋಡೆಗೆ ಬಡಿಯಿತು.

"ಆ ಹೆಸರು ನಂದು ನರ್ಸಮ್ಮ. ಚೀಟಿ ಬಿದ್ದಿದ್ದು ನನಗೆ. ಇವಳು ನನ್ನ ಓರಗಿತ್ತಿ. ನನ್ನನ್ನ ಬಚ್ಚಿಟ್ಟು ಇವಳನ್ನ ಕೂರಿಸಿದ್ದಾರೆ."

ಗಂಡ ಕಿಟಕಿಯ ಕಡೆ ತಿರುಗಿದ. ಮೇಷ್ಟ್ರ ಮುಖ ಕೆಂಪಾಯಿತು. "ಏಯ್, ಒಳಗೆ ಹೋಗು! ಮನೆ ಮಾನ ಬೀದಿಗೆ ತರ್ತೀಯಾ?"

"ಮಾನಾನಾ? ಇವಳು ಬಚ್ಚಲಲ್ಲಿ ಬಿದ್ದು, ಒಬ್ಬಳೇ ಎದ್ದು, ಮುಖ ಒರೆಸ್ಕೊಂಡು ಬಂದು ನಿಮಗೆ ಬಡಿಸಿದ್ದಾಳಲ್ಲ ಮಾವ, ಅದಾ ನಿಮ್ಮ ಮಾನ? ಸುಡಲಿ ಅದು!"

ನರ್ಸಮ್ಮನಿಗೂ ಸಿಟ್ಟು ಬಂದಿತ್ತು. ಇಷ್ಟು ಹೊತ್ತು ಮಾಡಿದ ಕೆಲಸ ನೀರಲ್ಲಿ ಹೋಮ. "ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನ ಕೂರಿಸಿದ್ರೆ ಇಡೀ ಲೆಕ್ಕವೇ ಸುಳ್ಳಾಗುತ್ತೆ ಸಾರ್. ಮನೆಮನೇಲೂ ಹೀಗೇ ಸಣ್ಣಗಿರೋರನ್ನ ಮುಂದೆ ತಳ್ಳಿದ್ರೆ, ದೇಶದಲ್ಲಿ ಕಾಯಿಲೆನೇ ಇಲ್ಲ ಅಂತ ಆಗುತ್ತೆ. ಔಷಧಿ ಯಾರಿಗೆ, ಎಲ್ಲಿಗೆ ಕಳಿಸೋದು?" ಎಂದು ಟ್ಯಾಬಿನಲ್ಲಿ ತುಂಬಿದ್ದನ್ನೆಲ್ಲ ಅಳಿಸಿದಳು. ಹಿರಿಸೊಸೆಯ ಕಡೆ ತಿರುಗಿ, "ಏನಾದರೂ ತಿಂದಿದ್ದೀರಾ?" ಎಂದು ಕೇಳಿದಳು.

"ತೊಟ್ಟು ನೀರು ಬಿಟ್ಟು ಏನೂ ಇಲ್ಲ."

"ಸರಿ. ಗಂಡಸರು ಹೊರಗೆ ಹೋಗಿ. ಟೇಪು ಮೈಗೆ ತಾಗಬೇಕು."

ಗಂಡ ಹೋದ. ಮೇಷ್ಟ್ರು ಅಲ್ಲಾಡಲಿಲ್ಲ. ಅವರನ್ನು ಹೊರಗೆ ಕಳಿಸುವವರು ಆ ಮನೆಯಲ್ಲಿ ಇದುವರೆಗೆ ಹುಟ್ಟಿರಲಿಲ್ಲ. ಹಿರಿಸೊಸೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವರ ಮುಂದೆಯೇ ನಿಂತಳು. "ಹೊರಗೆ ಹೋಗಿ ಮಾವ. ಇದು ನನ್ನ ಸರದಿ." ಅವರು ಹೋದರು.

ನರ್ಸಮ್ಮ ಕಡೆಯ ಪಕ್ಕೆಲುಬು ಮುಟ್ಟಿ ನೋಡಿದಳು, ಸೊಂಟದ ಮೂಳೆ ಮುಟ್ಟಿ ನೋಡಿದಳು, ನಡುವೆ ಪೆನ್ನಿನಿಂದ ಗುರುತು ಹಾಕಿ ಟೇಪು ಸುತ್ತಿದಳು. ಹಿರಿಸೊಸೆ ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದುಕೊಂಡಳು. "ಬಿಡಿ, ಬಿಡಿ, ಇರೋ ಹಾಗೆ ಇರಲಿ" ಎಂದಳು ನರ್ಸಮ್ಮ. ಅವಳು ಉಸಿರು ಬಿಟ್ಟಳು. ಎಷ್ಟೋ ವರ್ಷಗಳಿಂದ ಹಿಡಿದಿಟ್ಟ ಉಸಿರು ಅದು ಎನಿಸಿ ಕಣ್ಣು ತುಂಬಿತು. ತೋಳಿಗೆ ಪಟ್ಟಿ ಕಟ್ಟಿದ್ದಾಯಿತು, ಬೆರಳು ಚುಚ್ಚಿದ್ದಾಯಿತು, ಕೊಬ್ಬು ನೋಡಲು ರಕ್ತ ತೆಗೆದದ್ದಾಯಿತು. ಕಿರಿಸೊಸೆ ಪಕ್ಕದಲ್ಲಿ ಕೂತು ಅವಳ ಇನ್ನೊಂದು ಕೈ ಹಿಡಿದಿದ್ದಳು.

"ಐದು ಅಳತೇಲಿ ಮೂರು ಕೆಟ್ಟರೆ ಈ ಕಾಯಿಲೆ ಇದೆ ಅಂತ ಅರ್ಥ. ನಿಮಗೆ ಈಗಲೇ ಮೂರೂ ಆಗಿವೆ. ಸೊಂಟ, ಬಿಪಿ, ಸಕ್ಕರೆ. ಸಕ್ಕರೆ ಅಂತೂ ಹೀಗೇ ಬಿಟ್ಟರೆ ಕಾಲಿಗೆ, ಕಣ್ಣಿಗೆ ಕುತ್ತು. ಬೇಜಾರು ಮಾಡ್ಕೋಬೇಡಿ. ಈ ಸಮೀಕ್ಷೇಲಿ ಇಲ್ಲೀವರೆಗೆ ನಾನು ನೋಡಿದವರಲ್ಲಿ ಪ್ರತಿ ಮೂವರಿಗೆ ಒಬ್ಬರದು ಇದೇ ಕತೆ. ಔಷಧಿ ಇದೆ. ಇವತ್ತೇ ಆಸ್ಪತ್ರೆಗೆ ಹೋಗಿ."

"ಇವಳು?"

"ಇವರನ್ನ ನಾನು ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಚಿಕಿತ್ಸೆಗೆ ಚೀಟಿ ಬೀಳಬೇಕಾಗಿಲ್ಲ. ಇವರೂ ಇವತ್ತೇ ಹೋಗಬೇಕು."

ಬಾಗಿಲು ತೆರೆದರೆ ಮೇಷ್ಟ್ರು ಅಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ನಾನು ಹೇಳಿರಲಿಲ್ವಾ? ಕೂತು ಕೂತು ತಿಂದ್ರೆ ಇನ್ನೇನಾಗುತ್ತೆ!"

"ಹೌದು ಮಾವ, ಕೂತೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೌಂಟರಲ್ಲಿ ಕೂತೆ, ಅದು ನನ್ನ ಕೆಲಸ. ಇವಳು ಒಂದು ದಿನವೂ ಕೂರಲಿಲ್ಲ, ನಿಮ್ಮ ಎದುರಿಗಂತೂ ಕೂರಲೇ ಇಲ್ಲ. ಇವಳಿಗ್ಯಾಕೆ ಬಂತು, ಹೇಳಿ."

ಗಂಡ ಹತ್ತಿರ ಬಂದು, "ನಾನೂ ಬರ್ಲಾ?" ಎಂದ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

"ಬರೋದಾದ್ರೆ ಬಾ. ಅಪ್ಪನ್ನ ಕೇಳಿ ಬರೋದಾದ್ರೆ ಬೇಡ" ಎಂದು ಅವಳು ಕಿರಿಸೊಸೆಯ ಸೆರಗು ಸರಿಮಾಡಿ, ಮುಖ ಒರೆಸಿ, ಮೆಟ್ಟಿಲಿಳಿಸಿದಳು. ಅವನು ಒಂದು ಕ್ಷಣ ನಿಂತು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಿಂದೆ ಬಂದ.

ಬೀದಿಯಲ್ಲಿ ಆಗಲೇ ಜನ ಓಡಾಡುತ್ತಿದ್ದರು. ಮೈದಾನದಲ್ಲಿ ಬಗ್ಗುವವರು, ಏಳುವವರು, ಎಲ್ಲ ಪರಿಚಯದ ಮುಖಗಳೇ. ಮೇಷ್ಟ್ರು ಗೇಟಿನವರೆಗೆ ಓಡಿ ಬಂದರು. ಅವರ ದನಿಯಲ್ಲಿ ಮೊದಲ ಬಾರಿಗೆ ಅಪ್ಪಣೆ ಇರಲಿಲ್ಲ, ಗಾಬರಿಯಿತ್ತು. "ಹೀಗೆ ಹಾಡುಹಗಲೇ ಮೂವರೂ ಆಸ್ಪತ್ರೆಗೆ ಹೋದ್ರೆ ಬೀದಿಗೆಲ್ಲ ಗೊತ್ತಾಗಲ್ವೇನಮ್ಮ?"

"ಗೊತ್ತಾಗಲಿ ಮಾವ" ಎಂದಳು ಹಿರಿಸೊಸೆ, ಕೌಂಟರಿನ ತನ್ನ ಗಟ್ಟಿ ದನಿಯಲ್ಲಿ, ಇಡೀ ಬೀದಿಗೆ ಕೇಳುವಂತೆ. "ಮೂವರಲ್ಲಿ ಒಬ್ಬರಿಗೆ ಇದೆಯಂತೆ. ದಾರೀಲಿ ಇನ್ನೂ ಯಾರಾದ್ರೂ ಜೊತೆಗೆ ಬರ್ತಾರೆ."