ಏಳನೇ ನಂಬರ್ ಬಾಟಲಿ

ಇಪ್ಪತ್ತೆರಡು ವರ್ಷದಿಂದ ಆ ಶಾಲೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಮಾವ ಒಬ್ಬರಿಗಾದರೂ ಸಾಲ್ಟಿನ ಹೆಸರು ಹೇಳಿದವನಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಾಟಲಿಗಳ ಮೇಲೆ ಬರೀ ನಂಬರ್ ಇರುತ್ತದೆ. ಒಳಗಿರುವುದೇನೆಂದು ಮಕ್ಕಳೇ ಪತ್ತೆ ಹಚ್ಚಬೇಕು. ದಮ್ಮಯ್ಯ ಅಂತ ಗೋಗರೆದವರೆಷ್ಟು ಮಂದಿ! ಮಾವ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹುಡುಗರು ಅವನಿಗೆ 'ಬಿರಡೆ' ಅಂತ ಹೆಸರಿಟ್ಟಿದ್ದರು.

ಅಂಥ ಬಿರಡೆ ಇವತ್ತು ಬೆಳಿಗ್ಗೆ ತಾನಾಗಿಯೇ ಬಾಯಿ ಬಿಟ್ಟಿತ್ತು. ಪುಟ್ಟಿ ಕೇಳಿರಲೇ ಇಲ್ಲ.

"ನಿನ್ನ ಮೇಜಿಗೆ ಏಳನೇ ನಂಬರ್. ಕಾಪರ್ ಸಲ್ಫೇಟ್. ಟೆಸ್ಟು ಗಿಸ್ಟು ಅಂತ ಟೈಮ್ ಹಾಳು ಮಾಡ್ಕೋಬೇಡ, ಬರೆದು ಎದ್ದು ಬಾ," ಅಂದಿದ್ದ ಗೇಟಿನ ಹತ್ತಿರ.

ಅಕ್ಕನ ಮಗಳ ಮೇಲೆ ಇಷ್ಟೊಂದು ಪ್ರೀತಿಯಾ! ಪುಟ್ಟಿ ಹಿಗ್ಗಿನಿಂದಲೇ ಲ್ಯಾಬಿಗೆ ನಡೆದಳು. ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದ ಒಬ್ಬರಿಗೆ ಮಾತ್ರ ಕಾಲೇಜಿನಲ್ಲಿ ಫ್ರೀ ಸೀಟು. ಅದು ತಪ್ಪಿದರೆ ಅವಳ ಓದು ಅಲ್ಲಿಗೆ ಮುಗಿಯಿತು. ಪೈಪೋಟಿಗಿದ್ದವಳು ಒಬ್ಬಳೇ, ಮಾವನ ಮಗಳು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಏಳನೇ ಬಾಟಲಿಯಲ್ಲಿ ನೀಲಿ ಹರಳು. ಸರಿಯಾಗೇ ಇದೆಯಲ್ಲ, ಬರೆದು ಎದ್ದರಾಯಿತು. ಆದರೆ ಕೈ ಸುಮ್ಮನಿರಬೇಕಲ್ಲ! ಒಂದು ಚಿಟಿಕೆ ಟೆಸ್ಟ್‌ಟ್ಯೂಬಿಗೆ ಹಾಕಿ ಕಾಯಿಸಿದಳು. ಸಲ್ಫೇಟ್ ಆಗಿದ್ದರೆ ಬೆಳ್ಳಗಾಗಬೇಕಿತ್ತು. ಇದು ಕಪ್ಪಾಯಿತು, ಮೂಗಿಗೆ ಅಡರುವ ಕಂದು ಹೊಗೆ ಎದ್ದಿತು.

ಈ ಹೊಗೆಯನ್ನು ಗುರುತು ಮಾಡಿಕೊಟ್ಟವನೂ ಮಾವನೇ. ಅವಳು ಚಿಕ್ಕವಳಿದ್ದಾಗ ಖಾಲಿ ಬಾಟಲಿ ತೊಳೆಯುತ್ತಾ ಲೇಬಲ್ ಓದಿಸುತ್ತಿದ್ದ. "ಮೊದಲನೇ ಮಾತು ಲೋಹ ಕಣೇ, ಎರಡನೇದು ಅದರ ಜೊತೆಗಾರ. ಸಲ್ಫೈಡ್ ಅಂದ್ರೆ ಬರೀ ಗಂಧಕ. ಸಲ್ಫೇಟ್ ಅಂದ್ರೆ ಗಂಧಕದ ಜೊತೆ ಆಮ್ಲಜನಕಾನೂ ಇದೆ. ನೈಟ್ರೇಟಲ್ಲಿ ಗಂಧಕ ಇರೋದೇ ಇಲ್ಲ, ಸಾರಜನಕ, ಆಮ್ಲಜನಕ. ತಾಮ್ರದ್ದನ್ನ ಕಾಯಿಸಿದ್ರೆ ಕಂದು ಹೊಗೆ ಬರುತ್ತೆ. ಹೆಸರು ಗೊತ್ತಾದ್ರೆ ಒಳಗೇನಿದೆ ಅಂತ ಗೊತ್ತಾದ ಹಾಗೇ."

ಹಾಗಾದರೆ ಇವತ್ತು ಮಾವ ಹೇಳಿದ್ದರಲ್ಲಿ ಮೊದಲನೇ ಮಾತು ನಿಜ, ಎರಡನೇದು ಸುಳ್ಳು. ಛೇ, ಛೇ! ಎರಡೂ ನೀಲಿ, ವಯಸ್ಸಾದ ಕಣ್ಣು, ತುಂಬಿಸುವಾಗ ಅದಲುಬದಲಾಗಿರಬೇಕು. ಪಾಪ, ಗೊತ್ತಾದರೆ ಎಷ್ಟು ಕೊರಗುತ್ತಾನೋ! ಪುಟ್ಟಿ ಇನ್ನೊಮ್ಮೆ ಕಾಯಿಸಿ ನೋಡಿ, ಕಾಪರ್ ನೈಟ್ರೇಟ್ ಅಂತಲೇ ಬರೆದಳು. ಕೆಳಗೆ ತಾಮ್ರ, ಸಾರಜನಕ, ಆಮ್ಲಜನಕ ಎಂದು ಸೇರಿಸಿದಳು.

ಪರೀಕ್ಷೆ ಮುಗಿದಾಗ ಮಾವ ಹಿಂದಿನ ತೊಟ್ಟಿಯ ಹತ್ತಿರ ಟೆಸ್ಟ್‌ಟ್ಯೂಬ್ ತೊಳೆಯುತ್ತಿದ್ದ. ಗೋಡೆಗೆ ಬಾಟಲಿಗಳ ಪಟ್ಟಿ ಸಿಕ್ಕಿಸಿದ್ದ, ಅವನದೇ ಗುಂಡಗಿನ ಅಕ್ಷರ. ಏಳು, ಕಾಪರ್ ನೈಟ್ರೇಟ್. ಮೇಲೆ ನಿನ್ನೆಯ ತಾರೀಖು.

ಪುಟ್ಟಿ ಎರಡು ಸಲ ಓದಿದಳು.

"ಏನೇ, ಏನ್ ಬರೆದೆ?" ಮಾವ ತಿರುಗದೆ ಕೇಳಿದ.

ಇನ್ನೂ ಒಂದು ಆಸೆ ಇತ್ತು ಅವಳಿಗೆ. ಅಯ್ಯೋ, ತಪ್ಪು ಹೇಳಿಬಿಟ್ಟೆ ಕಣೇ ಅಂತ ತಲೆ ಚಚ್ಚಿಕೊಂಡರೆ ಸಾಕು, ನಂಬಿಬಿಡುತ್ತಿದ್ದಳು. "ನೀನು ಹೇಳಿದ್ದೇ ಮಾವ. ಸಲ್ಫೇಟ್."

ಮಾವ ನಿಡಿದಾಗಿ ಉಸಿರು ಬಿಟ್ಟ. ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. "ಜಾಣೆ," ಅಂತ ಒದ್ದೆ ಕೈಯಲ್ಲೇ ಅವಳ ತಲೆ ಸವರಿದ.

ಪುಟ್ಟಿ ತಲೆ ಹಿಂದಕ್ಕೆ ಎಳೆದುಕೊಂಡಳು. ಎತ್ತಿ ಆಡಿಸಿದ ಕೈ ಅದು, ಹೆಸರು ಕಲಿಸಿದ ಕೈ! ಅವಳು ಮೇಜಿನಿಂದ ಹಿಡಿದು ತಂದಿದ್ದ ತನ್ನ ಟೆಸ್ಟ್‌ಟ್ಯೂಬನ್ನು ತೊಟ್ಟಿಯ ಅಂಚಿನ ಮೇಲಿಟ್ಟಳು.

"ಇದನ್ನೂ ತೊಳೆದುಬಿಡು ಮಾವ."

ತಳದಲ್ಲಿ ಕಪ್ಪು ಹತ್ತಿಕೊಂಡಿತ್ತು. ಇಪ್ಪತ್ತೆರಡು ವರ್ಷ ಸಾಲ್ಟು ನೋಡಿದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು, ಮಾವ ಅದನ್ನು ಕೈಗೆತ್ತಿಕೊಳ್ಳಲಿಲ್ಲ.